ಅಲಸಂಡೆ ಸಾಲಿಗೆ ಹಸಿಹುಲ್ಲು

ನಮ್ಮ ಮನೆಯ ಮೇಲಿನ ರಬ್ಬರು ತೋಟದಲ್ಲಿ ಹುಲ್ಲು ತೆಗೆಯುವ ಮಿಷನ್ ಶುರುವಾದ ಕೂಡಲೇ ನಾನು ಎದ್ದು ಹೋಗಿ ಅಡುಗೆಮನೆಯ ಕಿಟಕಿ ಮುಚ್ಚುತ್ತೇನೆ. ಸದ್ದಿಗೆ ಹೆದರಿ ಅಲ್ಲ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳಿಗೆ ಸದ್ದು ಏನು ಮಹಾ, ಎಂಟನೇ ತರಗತಿಯ 'ಬಿ' ವಿಭಾಗದ ಮುಂದೆ ಆ ಮಿಷನ್ ಒಂದು ಲೆಕ್ಕವೇ ಅಲ್ಲ. ನನಗೆ ಆಗದಿರುವುದು ವಾಸನೆ. ಆಗಷ್ಟೇ ಕತ್ತರಿಸಿದ ಹಸಿಹುಲ್ಲಿನ ವಾಸನೆ. ಬೇರೆಯವರು ಮೂಗರಳಿಸಿ ಆಹಾ ಅನ್ನುವ ಆ ವಾಸನೆ ಬಂತೆಂದರೆ ಸಾಕು, ನನ್ನ ಕಿವಿ ಬಿಸಿಯಾಗುತ್ತದೆ. ನಾಚಿಕೆಯಾದಾಗ ಕಿವಿ ಯಾಕೆ ಬಿಸಿಯಾಗುತ್ತದೆ ಎಂದು ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೇನೆ. ರಕ್ತನಾಳ ಹಿಗ್ಗುವುದು ಇತ್ಯಾದಿ. ಕಲಿಸುವುದು ಸುಲಭ.

ಈ ಸೆಕೆಯಲ್ಲಿ ಕಿಟಕಿ ಯಾಕೆ ಹಾಕಿದ್ದು ಎಂದು ನಮ್ಮವರು ಕೇಳುತ್ತಾರೆ. ಧೂಳು ಬರುತ್ತದೆ ಅನ್ನುತ್ತೇನೆ. ಹಸಿಹುಲ್ಲಿನಿಂದ ಯಾವ ಧೂಳು ಬರುತ್ತದೆ ಎಂದು ಅವರು ತಿರುಗಿ ಕೇಳುವುದಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಯಾವುದನ್ನು ಕೇಳಬಾರದು ಎಂಬುದನ್ನಾದರೂ ಕಲಿತಿದ್ದಾರೆ, ಪುಣ್ಯಾತ್ಮರು. ನಿಮಗೆ ಮಾತ್ರ ಹೇಳುತ್ತೇನೆ. ಹೇಳಿದರೆ ಸ್ವಲ್ಪ ಹಗುರಾದೀತೋ ಎಂಬ ಆಸೆ. ಆಗದಿದ್ದರೆ ಕಿಟಕಿ ಹೇಗೂ ಉಂಟಲ್ಲ.

ಮೊದಲು ನಮ್ಮ ಮಣ್ಣಿನ ಸುದ್ದಿ ಹೇಳಬೇಕು. ಪುತ್ತೂರಿನಿಂದ ಸವಣೂರಿನ ಕಡೆ ಬರುವಾಗ ದಾರಿಯಲ್ಲಿ ಎಲ್ಲಿ ಅಗೆದರೂ ಕೆಂಪು ಮುರಮಣ್ಣು. ಕೊಡ ನೀರು ಹೊಯ್ದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕುಡಿದು ಬಿಡುತ್ತದೆ. ನಾವು ಮಾತ್ರ ಮನೆ ಕಟ್ಟಿದ್ದು ಹಿಂದೆ ಭತ್ತ ಬೆಳೆಯುತ್ತಿದ್ದ ಬೈಲುಗದ್ದೆಯ ಅಂಚಿನಲ್ಲಿ. ಮನೆಯ ಅಡಿಗೆ ಲೋಡುಗಟ್ಟಲೆ ಮುರಮಣ್ಣು ತುಂಬಿಸಿದೆವು, ಹಿತ್ತಿಲು ಹಾಗೆಯೇ ಉಳಿಯಿತು. ಹಿತ್ತಿಲಿನದು ಅಪ್ಪಟ ಜೇಡಿಮಣ್ಣು. ಮಳೆಗಾಲದಲ್ಲಿ ಅಲ್ಲಿಗೆ ಇಳಿದರೆ ಕಾಲು ಬರುತ್ತದೆ, ಚಪ್ಪಲಿ ಬರುವುದಿಲ್ಲ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಡುತ್ತದೆ. ಒಂದು ಏಪ್ರಿಲಿನಲ್ಲಿ ಕಪಾಟಿನ ಬೀಗದಕೈ ನನ್ನ ಸೆರಗಿನಿಂದ ಜಾರಿ ಅಂಥ ಬಿರುಕಿಗೆ ಬಿತ್ತು. ಪಿಕ್ಕಾಸು ಹಿಡಿದು ನಮ್ಮವರು ಅರ್ಧ ದಿನ ಅಗೆದರು. ಬೀಗದಕೈ ಸಿಗಲಿಲ್ಲ, ಸೊಂಟ ಹಿಡಿಯಿತು. ಕೊನೆಗೆ ಕಪಾಟನ್ನೇ ಒಡೆಸಿದ್ದು.

ಹಾಗೆ ನೋಡಿದರೆ ಜೇಡಿಮಣ್ಣು ನನಗೆ ಹೊಸದೇನಲ್ಲ. ಈಶ್ವರಮಂಗಲದ ನಮ್ಮ ಅಪ್ಪನ ಮನೆಯಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲೇ ತರಕಾರಿ ಮಾಡುತ್ತಿದ್ದದ್ದು. ಸೌತೆ, ಬೆಂಡೆ, ಹಾಗಲ, ಕೆಂಪು ಹರಿವೆ. ಶಾಲೆಗೆ ಹೋಗುವ ಮೊದಲು ನಾವು ಮಕ್ಕಳು ತೋಡಿನಿಂದ ಕೊಡಪಾನದಲ್ಲಿ ನೀರು ಹೊತ್ತು ಹಾಕಬೇಕು. ನನ್ನ ಕೊಡಪಾನ ಗಿಡದ ಬುಡ ಮುಟ್ಟುವಾಗ ಅರ್ಧ ಇರುತ್ತಿತ್ತು, ಉಳಿದರ್ಧ ನನ್ನ ಲಂಗದಲ್ಲಿ. ಕಾಲಿನ ಬೆರಳ ಸಂದಿನ ಮಣ್ಣು ಶಾಲೆಯ ಬೆಂಚಿನಡಿ ಒಣಗಿ ಉದುರುತ್ತಿತ್ತು. ಮಗ್ಗಿ ಬಾಯಿಗೆ ಬಾರದಾಗ ನಾನು ಆ ಮಣ್ಣಿನ ಚೂರುಗಳನ್ನು ಹೆಬ್ಬೆರಳಿನಿಂದ ಪುಡಿ ಮಾಡುತ್ತಾ ನಿಲ್ಲುತ್ತಿದ್ದೆ. ಈಗಲೂ ಉತ್ತರ ಗೊತ್ತಿಲ್ಲದಾಗ ನನ್ನ ಹೆಬ್ಬೆರಳು ನೆಲ ಉಜ್ಜುತ್ತದೆ, ನಮ್ಮವರು ಅದನ್ನು ಕಂಡುಹಿಡಿದಿದ್ದಾರೆ.

ಆ ತರಕಾರಿಯಲ್ಲಿ ನಮ್ಮ ಚಿಕ್ಕಮ್ಮನ ಕೈ ಎಲ್ಲರಿಗಿಂತ ಮೇಲು. ಅವರು ನೆಟ್ಟದ್ದು ಸತ್ತ ಉದಾಹರಣೆ ಇಲ್ಲ. ಆದರೆ ತಿಂಗಳಲ್ಲಿ ಮೂರು ದಿನ ಅವರು ಸಾಲಿಗೆ ಇಳಿಯುವ ಹಾಗಿರಲಿಲ್ಲ. ಹೊರಗಾದವರು ಬಳ್ಳಿಯ ಹತ್ತಿರ ಹೋದರೆ ಬಳ್ಳಿ ಬಾಡುತ್ತದೆ, ಹೀಚು ಉದುರುತ್ತದೆ, ಇದು ಅಜ್ಜಿಯ ಕಾನೂನು. ಚಿಕ್ಕಮ್ಮ ಗದ್ದೆಯ ಬದುವಿನ ಮೇಲೆ ನಿಂತು ಕೋಲು ತೋರಿಸಿ, ಆ ಎಲೆಯ ಅಡಿಯಲ್ಲಿ ಒಂದು ಉಂಟು ನೋಡು, ಈಚೆ ಬದಿಯಲ್ಲಿ ಇನ್ನೊಂದು ಉಂಟು ನೋಡು ಎಂದು ನಮ್ಮಿಂದ ಕೊಯ್ಯಿಸುತ್ತಿದ್ದರು. ನಮಗೆ ಅದು ಆಟ. ಒಂದು ವರ್ಷ ಹಾಗಲ ಬಳ್ಳಿ ಪೂರ್ತಿ ಒಣಗಿತು. ಆ ಮೂರು ದಿನದಲ್ಲಿ ಸಾಲಿಗೆ ಇಳಿದಿದ್ಯಾ ಎಂದು ಅಜ್ಜಿ ಊಟಕ್ಕೆ ಕೂತವರ ಎದುರೇ ಚಿಕ್ಕಮ್ಮನನ್ನು ಕೇಳಿದರು. ಚಿಕ್ಕಮ್ಮ ಬಡಿಸುವ ಸೌಟು ಕೆಳಗಿಟ್ಟು ಒಳಗೆ ಹೋದರು. ಅವತ್ತು ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ದಿನ ಅವರ ಎಲೆಯಡಿಕೆ ಕುಟ್ಟಿ ಕೊಡಲಿಲ್ಲ.

ಮುಂದೆ ನಾನು ಟೀಚರಾದೆ. ಸಂತಾನೋತ್ಪತ್ತಿಯ ಪಾಠ ಬಂದಾಗ ಕೆಲವರು 'ಮನೆಯಲ್ಲಿ ಓದಿಕೊಳ್ಳಿ' ಎಂದು ಪುಟ ಮಗುಚುತ್ತಿದ್ದ ಕಾಲ ಅದು. ನಾನು ಬೋರ್ಡಿನ ತುಂಬ ಗರ್ಭಕೋಶದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಕೋಲಿನಿಂದ ತೋರಿಸಿ ಪಾಠ ಮಾಡಿದವಳು. ಮುಟ್ಟಾದ ಹುಡುಗಿ ಮುಟ್ಟಿದರೆ ಗಿಡ ಸಾಯುವುದಿಲ್ಲ, ಬೇಕಾದರೆ ನೀವೇ ಮುಟ್ಟಿ ನೋಡಿ ಎಂದು ಹೇಳಿದವಳು. ಬೀಳ್ಕೊಡುಗೆಯ ದಿನ ಇದನ್ನೇ ಹೊಗಳಿ ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತೆ, ಆದರೆ ಒಂದೊಂದು ಶಬ್ದವೂ ಕಿವಿಗೆ ಬೀಳುವಷ್ಟೇ ತಗ್ಗಿಸಿದ್ದೆ. ಇಂಥ ನಾನು ಏನು ಮಾಡಿದೆ ಎನ್ನುವುದೇ ಮುಂದಿನ ಕಥೆ.

ಲಲಿತ ನಮ್ಮ ಮನೆಗೆ ಬರಲು ಶುರು ಮಾಡಿ ಆರೇಳು ವರ್ಷ ಆಯಿತು. ಬೆಳಿಗ್ಗೆ ಬಂದು ಪಾತ್ರೆ, ಬಟ್ಟೆ, ನೆಲ ಮುಗಿಸುತ್ತಾಳೆ. ಅವಳ ತವರು ಸುಳ್ಯದ ಕಡೆ, ಅಲ್ಲಿ ಮನೆಮಾತು ಅರೆಭಾಷೆ. ಮದುವೆಯಾಗಿ ಬಂದದ್ದು ನಮ್ಮ ಮೇಲಿನ ಗುಡ್ಡೆಗೆ. ಐದು ಸೆಂಟ್ಸು ಜಾಗ, ಅದೂ ಬರೀ ಕಲ್ಲು. ಅಲ್ಲಿ ಒಗ್ಗರಣೆಯ ಬೇವಿನಸೊಪ್ಪಿನ ಒಂದು ಗಿಡ ಬದುಕಿಸಲಿಕ್ಕೆ ಅವಳು ಪಟ್ಟ ಪಾಡು ನೋಡಿ, ನಮ್ಮ ಹಿತ್ತಿಲಲ್ಲಿ ಮಾಡು ಮಾರಾಯ್ತಿ, ಬಂದದ್ದರಲ್ಲಿ ಅರ್ಧ ನಿನಗೆ ಅರ್ಧ ನನಗೆ ಎಂದೆ. ಹಾಗೆಂದ ದಿನ ನನ್ನ ಔದಾರ್ಯಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಆ ಹಿತ್ತಿಲಲ್ಲಿ ಅದುವರೆಗೆ ನಾನು ನೆಟ್ಟ ಒಂದು ಹಸಿಮೆಣಸಿನ ಗಿಡವೂ ಮೇಲೆ ಬಂದಿರಲಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮೊದಲ ವರ್ಷ ಅವಳು ಏನನ್ನೂ ನೆಡಲಿಲ್ಲ. ಮಣ್ಣನ್ನು ಏರಿ ಮಾಡಿದಳು, ಮೊಣಕಾಲೆತ್ತರ. ತೋಡಿನ ಮರಳು ಹೊತ್ತು ತಂದು ಬೆರೆಸಿದಳು. ತರಗೆಲೆ ಗುಡಿಸಿ ಮಣ್ಣಿನ ಜೊತೆ ಪದರ ಪದರವಾಗಿ ಒಟ್ಟಿ ಸುಟ್ಟು ಸುಡುಮಣ್ಣು ಮಾಡಿ ಹಾಕಿದಳು. ಹಟ್ಟಿಗೊಬ್ಬರ ಹಾಕಿದಳು. ಮೂರನೇ ವರ್ಷಕ್ಕೆ ಆ ಜೇಡಿ ಕೈಯಲ್ಲಿ ಹಿಡಿದರೆ ಪುಡಿಯಾಗುವ ಹಾಗಾಯಿತು. ನಿಜ ಹೇಳಬೇಕೆಂದರೆ ಅದರಲ್ಲಿ ನನ್ನದು ಜಾಗ ಮಾತ್ರ, ಮಣ್ಣು ಅವಳದು. ಅಲಸಂಡೆಯ ಬೀಜ ಕೂಡ ಅವಳ ತಾಯಿ ಮನೆಯದು. ಮೊಳದುದ್ದದ, ತುದಿ ಕೆಂಪಗಿನ ಅಲಸಂಡೆ. ಅದು ಅಂಗಡಿಯಲ್ಲಿ ಎಲ್ಲಿಯೂ ಸಿಗುವುದಿಲ್ಲ. ವರ್ಷದಲ್ಲಿ ಆರು ತಿಂಗಳು ಅವಳ ಮನೆಯ ಪಲ್ಯ ಸಾಂಬಾರು ಆ ಹಿತ್ತಿಲಿನಿಂದಲೇ ಆಗುತ್ತಿತ್ತು.

ಕೆಲಸ ಮುಗಿದ ಮೇಲೆ ನಾವಿಬ್ಬರೂ ಸಾಲಿಗೆ ಇಳಿಯುತ್ತಿದ್ದೆವು. ಮನೆಯೊಳಗೆ ಅವಳಿಗೆ ಅದು ಮಾಡು, ಇದು ಮಾಡು ಎಂದು ಹೇಳುವವಳು ನಾನು. ಸಾಲಿನಲ್ಲಿ ಹೇಳುವವಳು ಅವಳು. ಆ ಕೋಲು ಕೊಡಿ ಟೀಚರ್, ಈಚೆ ಹಿಡೀರಿ ಟೀಚರ್, ಅಲ್ಲಿ ಕಾಲು ಇಡ್ಬೇಡಿ ಟೀಚರ್. ಗಿಡಗಳ ಹತ್ತಿರ ಮಾತ್ರ ಅವಳು ಅರೆಭಾಷೆ ಮಾತಾಡುವುದು. ನನಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ಕೇಳಿದರೆ ನಗುತ್ತಿದ್ದಳು. ನನಗೆ ನಿವೃತ್ತಿಯ ನಂತರ ಸಿಕ್ಕಿದ ಗೆಳತಿ ಎಂದರೆ ಅವಳೇ. ಈ ಮಾತನ್ನು ಅವಳಿಗೆ ಒಂದು ಸಲವೂ ಹೇಳಿರಲಿಲ್ಲ ಎನ್ನುವುದು ಈಗ ಬರೆಯುವಾಗ ಗೊತ್ತಾಗುತ್ತಿದೆ.

ಇನ್ನು ನನ್ನ ಫೋನಿನ ವಿಷಯ. ಕಳೆದ ವರ್ಷ ಒಂದು ಮಧ್ಯಾಹ್ನ ಯಾವುದೋ ದೇಶದ ಟೊಪ್ಪಿ ಹಾಕಿದ ಮನುಷ್ಯ ತರಕಾರಿ ಗಿಡಗಳ ಬುಡಕ್ಕೆ ಕತ್ತರಿಸಿದ ಹುಲ್ಲು ಹೊದಿಸುವ ವಿಡಿಯೊ ನೋಡಿದೆ. ಆ ಮುಚ್ಚಿಗೆಯನ್ನು ಅವನು ಪಕ್ಕಕ್ಕೆ ಸರಿಸಿದರೆ ಅಡಿಯಲ್ಲಿ ಹುಡಿ ಹುಡಿ ಕಪ್ಪು ಮಣ್ಣು, ಬೆರಳುದ್ದದ ಎರೆಹುಳ. ಅವನದೂ ಜೇಡಿಮಣ್ಣೇ ಅಂತೆ. ನಮ್ಮವರು ಮಲಗಿದ್ದರು ಎಂದು ನಾನು ಸದ್ದು ಬಂದ್ ಮಾಡಿ ನೋಡುತ್ತಿದ್ದೆ. ಹುಲ್ಲನ್ನು ಒಣಗಿಸಿ ಹಾಕಬೇಕು, ತೆಳುವಾಗಿ ಹಾಕಬೇಕು, ಬುಡಕ್ಕೆ ತಾಗಿಸಬಾರದು ಎಂದು ಅವನು ಹೇಳಿದ್ದೂ ಇರಬಹುದು. ನನಗೆ ಕಂಡದ್ದು ಎರೆಹುಳ ಮಾತ್ರ.

ಹುಲ್ಲಿಗೆ ನಮ್ಮಲ್ಲಿ ಬರವಿಲ್ಲ. ಮೇಲಿನ ರಬ್ಬರು ತೋಟ ವರ್ಗೀಸ್ ಚೇಟನದು. ಅವರ ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ನೆಲೆ ನಿಂತವರು, ಊರಿಗೆಲ್ಲ ಚೇಟ, ಅಂದರೆ ಅಣ್ಣ. ಅವರು ಮಾತಾಡುವ ಕನ್ನಡದಲ್ಲಿ ಮಲಯಾಳವೂ ತುಳುವೂ ಕೂಡಿ ಇರುತ್ತವೆ, ಆದರೆ ಮನಸ್ಸಿನಲ್ಲಿ ಒಂದು ಕಲಬೆರಕೆ ಇಲ್ಲ. ಮಿಷನಿನಲ್ಲಿ ತೆಗೆದ ಹುಲ್ಲು ಬೇಕು ಎಂದದ್ದೇ ತಡ, ಗೋಣಿಯಲ್ಲಿ ತುಂಬಿಸಿ ಬೇಲಿಯ ಹತ್ತಿರ ತಂದು ಹಾಕಿದರು. ನಾಲ್ಕು ದಿವಸ ಬಿಸಿಲಿಗೆ ಹರಡಿ, ಮತ್ತೆ ಹಾಕಿದರೆ ಸಾಕು ಎಂದು ಹೇಳಿಯೂ ಹೇಳಿದರು. ನಾನು ಆಯಿತು ಎಂದೆ. ನನಗೆ ನಾಲ್ಕು ದಿವಸ ಕಾಯುವ ವ್ಯವಧಾನ ಎಲ್ಲಿಂದ ಬರಬೇಕು. ಅವತ್ತೇ ಹಾಕುವುದೆಂದು ತೀರ್ಮಾನಿಸಿದೆ. ಅದಕ್ಕೆ ಎರಡು ದಿನ ಮೊದಲು ಅಕಾಲದ ಒಂದು ಮಳೆ ಬಂದು ಸಾಲುಗಳು ಒದ್ದೆಯಾಗಿದ್ದವು, ಈ ತೇವವನ್ನು ಹಿಡಿದಿಡಲಿಕ್ಕೆ ಇದೇ ಸರಿಯಾದ ಸಮಯ ಎಂದು ವೈಜ್ಞಾನಿಕವಾಗಿ ಸಮರ್ಥಿಸಿಕೊಂಡೆ.

ಬೇಲಿಯಿಂದ ಸಾಲಿಗೆ ಹುಲ್ಲು ಹೊತ್ತವಳು ಲಲಿತ. ಬುಟ್ಟಿಯ ಮೇಲೆ ಬುಟ್ಟಿ. ನಾನು ಹರಡಿದೆ, ಒಂದು ಗೇಣು ದಪ್ಪಕ್ಕೆ, ಬುಡಕ್ಕೆ ಒತ್ತಿ ಒತ್ತಿ, ಮಗುವಿಗೆ ಕಂಬಳಿ ಹೊದಿಸಿದ ಹಾಗೆ. ಲಲಿತ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಗ್ಗಿ ಹುಲ್ಲಿನ ಮೇಲೆ ಕೈಯಿಟ್ಟು, "ಟೀಚರ್, ಇಷ್ಟು ಬೇಡ. ಈ ಮಣ್ಣಿಗೆ ಉಸಿರು ಕಟ್ತದೆ" ಎಂದಳು.

ನಾನು ಪಾಠ ಶುರು ಮಾಡಿದೆ. ತೇವಾಂಶ, ಸೂಕ್ಷ್ಮಜೀವಿ, ಸಾರಜನಕ. ಅವಳು ಖಾಲಿ ಬುಟ್ಟಿ ಹಿಡಿದು ಪೂರ್ತಿ ಕೇಳಿದಳು, ಮಕ್ಕಳು ಗಂಟೆ ಹೊಡೆಯುವುದನ್ನೇ ಕಾಯುತ್ತಾ ಕೇಳುತ್ತಾರಲ್ಲ, ಹಾಗೆ. ಆಮೇಲೆ ಇನ್ನೊಂದು ಬುಟ್ಟಿ ತರಲಿಕ್ಕೆ ಹೋದಳು. ನಾನು ಸಾಲಿನ ಫೋಟೊ ತೆಗೆದು ನಿವೃತ್ತ ಟೀಚರುಗಳ ಗ್ರೂಪಿಗೆ ಹಾಕಿದೆ. ಹದಿನಾಲ್ಕು ಜನ ಚಪ್ಪಾಳೆ ಹೊಡೆದರು. ಮರುದಿನ ಲಲಿತ ಸೊಂಟಕ್ಕೆ ಕೈಕೊಟ್ಟು ಹಿತ್ತಿಲ ಮೆಟ್ಟಿಲಲ್ಲಿ ಕೂತಿದ್ದನ್ನು ನೋಡಿದೆ. ನೋಡಿದೆ, ಅಷ್ಟೇ. ಯಾಕೆ ಎಂದು ಕೇಳಲಿಲ್ಲ.

ಒಂದು ವಾರ ಕಳೆಯುವಾಗ ಅಲಸಂಡೆಯ ಕೆಳಗಿನ ಎಲೆ ಹಳದಿಯಾಯಿತು. ಹರಿವೆ ಬುಡದಲ್ಲಿ ಮೆತ್ತಗಾಗಿ ಅಡ್ಡಬಿತ್ತು. ಹತ್ತನೇ ದಿನಕ್ಕೆ ಚಪ್ಪರಕ್ಕೆ ಹತ್ತಿದ ಅಲಸಂಡೆ ಬಳ್ಳಿಗಳೆಲ್ಲ ಹೂ ಸಮೇತ ಜೋತು ಬಿದ್ದವು. ಹಿತ್ತಿಲಲ್ಲಿ ಹುಳಿಕಳ್ಳಿನಂಥ ಒಂದು ವಾಸನೆ. ಅದು ಪಕ್ಕದ ತೋಡಿನದು ಎಂದುಕೊಂಡೆ. ನನಗೆ ಅಳು ಬರುವಷ್ಟು ಸಂಕಟ, ಸಂಕಟಕ್ಕಿಂತ ಹೆಚ್ಚು ಸಿಟ್ಟು. ಗ್ರೂಪಿನಲ್ಲಿ ಒಬ್ಬರು ಬೇರೆ, ಅಲಸಂಡೆ ಹೇಗುಂಟು, ಫೋಟೊ ಹಾಕಿ ಎಂದು ದಿನಾ ಕೇಳುತ್ತಿದ್ದರು.

ಆ ದಿನ ಬೆಳಿಗ್ಗೆ ವರ್ಗೀಸ್ ಚೇಟ ಇನ್ನೊಂದು ಗೋಣಿ ಹುಲ್ಲು ತಂದು ಬೇಲಿಯ ಹತ್ತಿರ ಇಳಿಸುತ್ತಿದ್ದರು. ಲಲಿತ ಹಾರೆ ಹಿಡಿದು ಸಾಲಿನ ಬದಿ ಕೆರೆಯುತ್ತಿದ್ದಳು. ಜೋತುಬಿದ್ದ ಬಳ್ಳಿ ನೋಡುತ್ತಾ ನಿಂತಿದ್ದ ನನ್ನ ಬಾಯಿಯಿಂದ ಆ ಮಾತು ಬಂತು.

"ಲಲಿತಾ, ನೀನು ಹೊರಗಾಗಿದ್ದಾಗ ಸಾಲಿಗೆ ಇಳಿದಿದ್ಯಾ?"

ಎಲ್ಲಿಂದ ಬಂತು ಅದು ಎಂದು ಕೇಳಬೇಡಿ. ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬೋರ್ಡಿನಲ್ಲಿ ಚಿತ್ರ ಬರೆದವಳು ಎಲ್ಲಿ ಹೋಗಿದ್ದಳು ಆ ಗಳಿಗೆಯಲ್ಲಿ? ನಂಬಿಕೆ ಇಲ್ಲದವಳ ಬಾಯಲ್ಲಿ ಅಜ್ಜಿಯ ಮಾತು, ಅಜ್ಜಿಯದೇ ಧ್ವನಿಯಲ್ಲಿ. ಅಜ್ಜಿಗಾದರೂ ಅದು ನಂಬಿಕೆ. ನನಗೆ ಅದೂ ಅಲ್ಲ. ಬಳ್ಳಿ ಸತ್ತದ್ದಕ್ಕೆ ನಾನಲ್ಲದ ಯಾರಾದರೂ ಒಬ್ಬರು ಬೇಕಿತ್ತು, ಎದುರಿಗೆ ಅವಳಿದ್ದಳು. ಇದಕ್ಕಿಂತ ಕೆಟ್ಟದಾಗಿ ಹೇಳಲು ಬಂದರೆ ಹಾಗೆಯೇ ಹೇಳುತ್ತಿದ್ದೆ.

ವರ್ಗೀಸ್ ಚೇಟ ಗೋಣಿಯ ಬಾಯಿ ಕಟ್ಟುವ ನೆಪದಲ್ಲಿ ಮುಖ ಆಚೆ ತಿರುಗಿಸಿದರು. ಕಟ್ಟಿದ ಗೋಣಿಯನ್ನೇ ಮತ್ತೆ ಬಿಚ್ಚಿ ಕಟ್ಟಿದರು. ಲಲಿತ ನನ್ನನ್ನು ಒಮ್ಮೆ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಚೇಟನ ಕಡೆ ನೋಡಿ ಸುಮ್ಮನಾದಳು. ಆಮೇಲೆ, "ಇಲ್ಲ ಟೀಚರ್. ಇನ್ನು ಇಳಿಯುದಿಲ್ಲ" ಎಂದಳು. ಹಾರೆ ತೊಳೆದು ಗೋಡೆಗೆ ಒರಗಿಸಿದಳು, ನಲ್ಲಿಯಲ್ಲಿ ಕೈಕಾಲು ತೊಳೆದಳು, ಮನೆಯೊಳಗೆ ಹೋಗಿ ಉಳಿದಿದ್ದ ನೆಲ ಒರೆಸಿ ಮುಗಿಸಿ ಹೋದಳು.

ಅವಳು ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಸೊಕ್ಕು ಅವಳಿಗೆ ಎಂದು ಹೇಳಿಕೊಂಡು ಆರಾಮವಾಗಿ ಇರಬಹುದಿತ್ತು. ಅವಳು ದಿನಾ ಅದೇ ಹೊತ್ತಿಗೆ ಬಂದಳು. ಬಟ್ಟೆ ಒಣಹಾಕಲು ಹೋಗುವಾಗ ಸಾಲಿನ ನಡುವಿನ ಹತ್ತಿರದ ದಾರಿ ಬಿಟ್ಟು, ಬಾವಿಯ ಆಚೆಯಿಂದ ಸುತ್ತಿ ಹೋದಳು. ಒದ್ದೆ ಬಟ್ಟೆಯ ಬಕೆಟು ಹೊತ್ತುಕೊಂಡು. ಒಂದು ದಿನ ಗಾಳಿಗೆ ನನ್ನ ಸೀರೆ ಹಾರಿ ಬದನೆ ಗಿಡದ ಮೇಲೆ ಬಿದ್ದಿತ್ತು. ಅವಳು ಸಾಲಿನ ಹೊರಗೆ ನಿಂತು ನನ್ನನ್ನು ಕರೆದಳು, ಸೀರೆ ತೆಗೆಯಿರಿ ಟೀಚರ್ ಎಂದು. ನಾನು ತೆಗೆದೆ. ಸೀರೆ ಕೊಡುವಾಗ ಅವಳ ಮುಖ ನೋಡಲಾಗಲಿಲ್ಲ.

ಮಣ್ಣಿನಲ್ಲಿ ಏನಾಗಿದೆ ಎಂದು ನೋಡುವ ಬುದ್ಧಿ ಬಂದದ್ದು ಆಮೇಲೆ. ಒಂದು ದಿನ ಅವಳು ಹೋದ ಮೇಲೆ ಇಳಿದು ಹುಲ್ಲಿನೊಳಗೆ ಕೈ ತುರುಕಿದೆ. ಬಿಸಿ ಇತ್ತು. ಎತ್ತಿದರೆ ಅದು ಹುಲ್ಲಾಗಿ ಬರಲಿಲ್ಲ, ಕಪ್ಪು ಚಾಪೆಯ ಹಾಗೆ ಒಂದೇ ಆಗಿ ಎದ್ದು ಬಂತು, ಲೋಳೆ ಲೋಳೆ. ಗಾಳಿ ಆಡದೆ, ನೀರು ಆರದೆ, ಅಡಿಯ ಜೇಡಿ ಕುಂಬಾರನ ಮಣ್ಣಿನಂತೆ ಅಂಟಾಗಿತ್ತು. ಲಲಿತ ಮೂರು ವರ್ಷ ಪುಡಿ ಮಾಡಿದ ಮಣ್ಣು. ಅಲಸಂಡೆಯ ಬೇರು ಹಿಡಿದರೆ ಸಿಪ್ಪೆ ಕೈಗೆ ಬಂತು. ಹುಳಿಕಳ್ಳಿನ ವಾಸನೆ ತೋಡಿನದಲ್ಲ, ನನ್ನ ಮುಚ್ಚಿಗೆಯದು. ಗಿಡದ ಬೇರಿಗೂ ಗಾಳಿ ಬೇಕು ಎನ್ನುವುದು ನಾನು ಎಂಟನೇ ತರಗತಿಗೆ ಮಾಡುತ್ತಿದ್ದ ಪಾಠ. ಮಧ್ಯಾಹ್ನದ ಬಿಸಿಲಿನಲ್ಲಿ ಆ ಕೊಳೆತ ಚಾಪೆ ಎರಡೂ ಕೈಯಲ್ಲಿ ಹಿಡಿದು ನಾನು ಅಲ್ಲಿಯೇ ಕೂತುಬಿಟ್ಟೆ. ಯಾರಾದರೂ ನೋಡುತ್ತಾರೆ ಎಂಬ ಹೆದರಿಕೆಯಲ್ಲಿ ಎದ್ದೆ, ಅದು ಬೇರೆ.

ಮರುದಿನವೇ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪಾಯಿತು ಟೀಚರ್ ಎನ್ನುವ ಎರಡು ಶಬ್ದಗಳನ್ನು ನಾನು ಎಷ್ಟು ಮಕ್ಕಳ ಬಾಯಿಂದ ಹೇಳಿಸಿದ್ದೇನೋ ದೇವರೇ ಬಲ್ಲ. ಜೋರಾಗಿ ಹೇಳು, ಹಿಂದಿನ ಬೆಂಚಿಗೆ ಕೇಳಲಿ ಎಂದು ಬೇರೆ. ಅದರಲ್ಲಿ ಒಂದು ಶಬ್ದ ತೆಗೆದರೆ ನಾನು ಹೇಳಬೇಕಾದದ್ದು ಬರೀ ಒಂದು. ಅದಕ್ಕೆ ಬದಲಾಗಿ ನಾನು ಬಾಯಿಯಿಂದ ಹೇಳುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ನೀರುದೋಸೆ ಮಾಡಿ ಬಿಸಿಬಿಸಿಯಾಗಿ ಕೊಟ್ಟೆ. ಉಡದ ಒಂದು ಕಾಟನ್ ಸೀರೆ ಕೊಟ್ಟೆ. ಮಾವಿನಮಿಡಿ ಉಪ್ಪಿನಕಾಯಿಯ ದೊಡ್ಡ ಬಾಟ್ಲಿಯನ್ನೇ ಕೊಟ್ಟೆ. ಅವಳು ಎಲ್ಲವನ್ನೂ ಎರಡು ಕೈಯಲ್ಲಿ ತೆಗೆದುಕೊಂಡಳು, ದೋಸೆ ತಿಂದ ತಟ್ಟೆ ತೊಳೆದಿಟ್ಟಳು, ಬಾವಿಯ ಆಚೆಯಿಂದ ಸುತ್ತಿ ನಡೆದಳು. ಒಮ್ಮೆ ಅವಳಿಗೆ ಕೇಳುವ ಹಾಗೆ ನಮ್ಮವರ ಹತ್ತಿರ, ಈ ಮುಟ್ಟು ಮೈಲಿಗೆ ಎಲ್ಲ ಸುಳ್ಳು ಅಲ್ವಾ ಎಂದು ಜೋರಾಗಿ ಕೇಳಿದೆ. ಅವರು ಪೇಪರಿನಿಂದ ತಲೆಯೆತ್ತಿ, ನಿನಗೆ ಹುಷಾರುಂಟಾ ಎಂದರು.

ಸಾಲನ್ನು ನಾನೊಬ್ಬಳೇ ಸರಿಮಾಡಲು ಹೊರಟೆ. ಕೊಳೆತದ್ದನ್ನು ಗೀಚಿ ತೆಗೆದು ದೂರ ರಾಶಿ ಹಾಕಿದೆ. ಮಣ್ಣು ಮಗುಚಿ ಒಣಗಲು ಬಿಟ್ಟೆ. ಅಂಗೈ ಬೊಬ್ಬೆ ಬಂತು. ಬೇಲಿಯ ಹತ್ತಿರ ಉಳಿದ ಹುಲ್ಲನ್ನು ಬಿಸಿಲಿಗೆ ಹರಡಿ, ಮುರಿದರೆ ಸದ್ದಾಗುವಷ್ಟು ಒಣಗಿಸಿದೆ. ವರ್ಗೀಸ್ ಚೇಟ ಒಮ್ಮೆ ಬಂದು ನೋಡಿ, ಈಗ ಸರಿ ಟೀಚರ್ ಎಂದಷ್ಟೇ ಹೇಳಿ ಹೋದರು. ಮೊದಲಿನ ಹಾಗೆ ನಿಂತು ಮಾತಾಡಲಿಲ್ಲ. ಅಥವಾ ನನಗೆ ಹಾಗೆ ಅನಿಸಿತೋ ಏನೋ, ತಪ್ಪು ಮಾಡಿದವರಿಗೆ ಎಲ್ಲರೂ ಬೇರೆಯಾಗಿಯೇ ಕಾಣುತ್ತಾರೆ.

ಇನ್ನು ಬಿತ್ತಬೇಕು. ಅಲಸಂಡೆಯ ಬೀಜ ಇದ್ದದ್ದು ಲಲಿತನ ಮನೆಯಲ್ಲಿ ಮಾತ್ರ. ಬೆಳಿಗ್ಗೆ ಬರುವಾಗ ತಾ ಎಂದು ಹೇಳಬಹುದಿತ್ತು, ಅವಳು ತರುತ್ತಿದ್ದಳು. ಯಾಕೋ ಅಷ್ಟು ಮಾಡಲು ಮನಸ್ಸು ಬರಲಿಲ್ಲ. ಒಂದು ಭಾನುವಾರ ಹತ್ತು ಗಂಟೆಯ ಹೊತ್ತಿಗೆ ನಾನೇ ಗುಡ್ಡೆ ಹತ್ತಿದೆ. ಇಷ್ಟು ವರ್ಷದಲ್ಲಿ ಅವಳ ಮನೆಗೆ ಹೋದದ್ದು ಅದೇ ಮೊದಲು. ಏದುಸಿರು ಬಿಡುತ್ತಾ ಹೋದವಳಿಗೆ ಅವಳು ಕುರ್ಚಿ ಒರೆಸಿ ಹಾಕಿ, ಬೆಲ್ಲ, ನೀರು ತಂದಿಟ್ಟಳು. ಬಂದದ್ದು ಯಾಕೆ ಎಂದು ಕೇಳಲಿಲ್ಲ. ಬೀಜ ಬೇಕಿತ್ತು ಎಂದು ನಾನೇ ಹೇಳಿದೆ, ಹೇಡಿ. ಅವಳು ಒಳಗೆ ಹೋಗಿ ಬೂದಿಯಲ್ಲಿ ಬೀಜ ಹಾಕಿಟ್ಟ ಬಾಟ್ಲಿ ತಂದು, ನೆಲದಲ್ಲಿ ಕೂತು ಮೊರಕ್ಕೆ ಸುರುವಿ ಹೆಕ್ಕತೊಡಗಿದಳು.

ಅವಳ ತಲೆ ಬಗ್ಗಿದ್ದಾಗ ನನಗೆ ಧೈರ್ಯ ಬಂತು. "ಲಲಿತಾ, ತಪ್ಪಾಯ್ತು. ಬಳ್ಳಿ ಸತ್ತದ್ದು ನನ್ನ ಹುಲ್ಲಿನಿಂದ. ನಿನಗೆ ಹಾಗೆ ಕೇಳಬಾರದಿತ್ತು" ಎಂದೆ.

"ಗೊತ್ತುಂಟು ಟೀಚರ್. ಹುಲ್ಲು ಕೊಳೆತ ವಾಸನೆ ಬರ್ತಿತ್ತಲ್ಲ" ಎಂದಳು, ಬೀಜ ಹೆಕ್ಕುತ್ತಾ.

ಕ್ಷಮೆ ಕೇಳಲು ಬಂದವಳು ಅಲ್ಲಿಗೆ ಸುಮ್ಮನಿರಬೇಕು. ಬಾಯಿ ಕೇಳಬೇಕಲ್ಲ. ಗೊತ್ತಿದ್ದರೆ ಅವತ್ತೇ ಹೇಳಬೇಕಿತ್ತಲ್ಲ, ಯಾಕೆ ಸುಮ್ಮನಿದ್ದೆ ಎಂದು ಗದರಿದ ಹಾಗೆಯೇ ಕೇಳಿಬಿಟ್ಟೆ.

ಲಲಿತ ಮೊರ ಪಕ್ಕಕ್ಕಿಟ್ಟಳು. "ಎಂತ ಹೇಳುದು ಟೀಚರ್? ನನ್ನ ಗರ್ಭಕೋಶ ತೆಗೆದು ನಾಲ್ಕು ವರ್ಷ ಆಯ್ತು. ಪುತ್ತೂರಿಗೆ ಆಸ್ಪತ್ರೆಗೆ ನೀವು ಬಂದು ನೋಡಿ ಹೋದದ್ದಲ್ವಾ? ಅದನ್ನು ಚೇಟನ ಎದುರು ಹೇಳಿದ್ರೆ ನಿಮ್ಮ ಮರ್ಯಾದೆ ಎಂತ ಆಗ್ತಿತ್ತು?"

ಹೌದು, ಹೋಗಿದ್ದೆ. ಕಿತ್ತಳೆ ತೆಗೆದುಕೊಂಡು ಹೋಗಿದ್ದೆ. ಅವಳ ಮಂಚದ ಬದಿಯಲ್ಲಿ ಕೂತು, ಭಾರ ಎತ್ತಬೇಡ, ಇನ್ನು ನಿನಗೆ ತಿಂಗಳ ರಗಳೆ ಇಲ್ಲ ಎಂದು ಹೇಳಿದವಳು ನಾನೇ. ಹೇಳಿ ಬಂದು ಮರೆತಿದ್ದೆ. ಅವಳು ನಮ್ಮ ಮನೆಯ ಕೆಲಸಕ್ಕೆ ಮತ್ತೆ ಬಂದ ದಿನ ಯಾವುದೆಂದು ನೆನಪುಂಟು, ಅವಳ ಮೈಯಲ್ಲಿ ಏನಾಯಿತು ಎಂಬುದು ನೆನಪಿಲ್ಲ. ಆ ಸೊಂಟದಲ್ಲಿ ನನ್ನ ಹುಲ್ಲು ಹೊರಿಸಿದ್ದೆ. ನಾನು ಅವಳನ್ನು ಒಬ್ಬರ ಎದುರು ನಾಚಿಸುತ್ತಿದ್ದಾಗ, ಅವಳು ನನ್ನನ್ನು ನಾಚಿಕೆಯಿಂದ ಉಳಿಸುತ್ತಾ ನಿಂತಿದ್ದಳು. ಕುರ್ಚಿಯಲ್ಲಿ ಕೂತಿರಲು ನನಗೆ ಆಗಲಿಲ್ಲ, ಎದ್ದು ನಿಂತೆ. ನನ್ನ ಹೆಬ್ಬೆರಳು ಅವಳ ಮನೆಯ ನೆಲ ಉಜ್ಜುತ್ತಿತ್ತು.

ನಾಳೆಯಿಂದ ಸಾಲಿಗೆ ಬರ್ತೀಯಲ್ಲ ಎಂದು ಕೇಳಿದೆ. ಅವಳು ಹಳೆಯ ಪೇಪರಿನಲ್ಲಿ ಬೀಜ ಕಟ್ಟುತ್ತಿದ್ದಳು.

"ಕೋಪ ಇಲ್ಲ ಟೀಚರ್. ಮನೆಕೆಲಸಕ್ಕೆ ಬರ್ತೇನೆ. ಸಾಲಿಗೆ ಬೇಡ. ಇನ್ನೊಂದು ಗಿಡ ಒಣಗಿದ್ರೆ, ನೀವು ಎಂತದ್ದೂ ಹೇಳದಿದ್ರೂ ನನಗೆ ಅದೇ ಮಾತು ಕೇಳ್ತದೆ."

ಪೊಟ್ಟಣವನ್ನು ಎರಡು ಕೈಯಲ್ಲಿ ತೆಗೆದುಕೊಂಡೆ. ಅಂಗಳ ದಾಟಿ ಇಳಿಯುವಾಗ ಅವಳು ಹಿಂದಿನಿಂದ ಕರೆದು, ನಾಳೆ ಸ್ವಲ್ಪ ಬೇಗ ಬರ್ತೇನೆ, ಬೆಡ್‌ಶೀಟುಗಳನ್ನು ನೆನೆಹಾಕಿ ಇಡಿ ಟೀಚರ್ ಎಂದಳು. ಆಯಿತು ಎಂದೆ.